ಪಿಕಪ್ ವಾಹನದಲ್ಲಿ ಸಣ್ಣ ಸರಕನ್ನು ಭದ್ರಪಡಿಸುವ ಸುಲಭ ವಿಧಾನಗಳು

ತರಕಾರಿ ಬೆಳೆಯುವುದು ಎಷ್ಟು ಮುಖ್ಯವೋ, ಬೆಳೆದದ್ದನ್ನು ಕೆಡದಂತೆ ಪೇಟೆ ಮುಟ್ಟಿಸುವುದೂ ಅಷ್ಟೇ ಮುಖ್ಯ. ಬಿತ್ತನೆ, ಗೊಬ್ಬರ, ಸಸ್ಯ ಸಂರಕ್ಷಣೆಗಳ ಬಗ್ಗೆ ನಮ್ಮ ರೈತರು ತೋರುವ ಕಾಳಜಿಯು ಫಸಲು ವಾಹನ ಹತ್ತಿದ ಕ್ಷಣದಿಂದ ಕಡಿಮೆಯಾಗುವುದುಂಟು. ಮೂರು ತಿಂಗಳು ಸಾಕಿ ಸಲಹಿದ ಟೊಮೆಟೊ ಒಂದು ಗಂಟೆಯ ಪ್ರಯಾಣದಲ್ಲಿ ಜಜ್ಜಿ ಹೋದರೆ ನಷ್ಟ ರೈತನದೇ. ಕೇಂದ್ರ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಕೊಯ್ಲಿನಿಂದ ಮಾರಾಟದವರೆಗಿನ ಎಲ್ಲ ಹಂತಗಳೂ ಸೇರಿ ಟೊಮೆಟೊದಲ್ಲಿ ಶೇಕಡ 12ಕ್ಕೂ ಹೆಚ್ಚು ಭಾಗ ಹಾಳಾಗುತ್ತದೆ. ಈ ಹಂತಗಳಲ್ಲಿ ಸಾಗಾಣಿಕೆಯೂ ಒಂದು.

ಬೆಂಗಳೂರಿನ ದಕ್ಷಿಣ ಭಾಗಕ್ಕೆ, ಅಂದರೆ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಿಗೆ, ಸುತ್ತಲಿನ ತಾಲ್ಲೂಕುಗಳಿಂದ ಪ್ರತಿದಿನ ಸೊಪ್ಪು, ತರಕಾರಿ, ಹೂವು ಬರುತ್ತವೆ. ಕನಕಪುರ, ಹಾರೋಹಳ್ಳಿ, ಕಗ್ಗಲೀಪುರದ ಕಡೆಯವರು ಕನಕಪುರ ರಸ್ತೆಯಲ್ಲಿ ತಲಘಟ್ಟಪುರ, ಕೋಣನಕುಂಟೆ ಕ್ರಾಸ್ ದಾಟಿ ಸಾರಕ್ಕಿ ಮಾರುಕಟ್ಟೆಗೂ ಬನಶಂಕರಿಗೂ ಬರುತ್ತಾರೆ. ಆನೇಕಲ್, ಜಿಗಣಿಯ ಕಡೆಯವರಿಗೆ ಬನ್ನೇರುಘಟ್ಟ ರಸ್ತೆಯಿದೆ. ಹೊಸೂರು ರಸ್ತೆಯಿಂದ ಬರುವವರು ಬೊಮ್ಮನಹಳ್ಳಿ, ಸಿಲ್ಕ್ ಬೋರ್ಡ್ ಮೂಲಕ ಮಡಿವಾಳ ಮಾರುಕಟ್ಟೆ ಸೇರುತ್ತಾರೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಆರಂಭವಾಗಿ ಈಗ ಹಾಪ್‌ಕಾಮ್ಸ್ ಎಂದು ಹೆಸರಾಗಿರುವ ಸಂಸ್ಥೆಗೆ ಮಾಲು ಕೊಡುವ ರೈತರೂ ಇದ್ದಾರೆ. ಹಿಂದೆ ಎತ್ತಿನ ಗಾಡಿ, ಬಸ್ಸಿನ ಮೇಲ್ಛಾವಣಿ ಮತ್ತು ಲಾರಿಗಳು ಮಾಡುತ್ತಿದ್ದ ಈ ಕೆಲಸವನ್ನು ಈಗ ಬಹುಪಾಲು ಸಣ್ಣ ಪಿಕಪ್ ವಾಹನಗಳು ಮಾಡುತ್ತಿವೆ.

ಈ ಲೇಖನದಲ್ಲಿ ಪಿಕಪ್ಪಿನ ಬಾಡಿಯಲ್ಲಿ ಸಣ್ಣ ಪ್ರಮಾಣದ ಸರಕನ್ನು ಕಡಿಮೆ ಖರ್ಚಿನಲ್ಲಿ, ಮನೆಯಲ್ಲೇ ದೊರೆಯುವ ಸಾಮಗ್ರಿಗಳಿಂದ ಭದ್ರಪಡಿಸುವ ಬಗೆಯನ್ನು ವಿವರಿಸಲಾಗಿದೆ.

ಅರ್ಧ ಹೊರೆಯೇ ಹೆಚ್ಚು ಅಪಾಯ

ತುಂಬಿದ ಗಾಡಿಯಲ್ಲಿ ಸರಕು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತದೆ. ಅಲುಗಲು ಜಾಗವೇ ಇರುವುದಿಲ್ಲ. ಹತ್ತು ಕ್ರೇಟು, ನಾಲ್ಕು ಮೂಟೆ ಇರುವ ಗಾಡಿಯಲ್ಲಿ ಹಾಗಲ್ಲ. ಬ್ರೇಕು ಹಾಕಿದಾಗ ಕ್ರೇಟು ಮುಂದಕ್ಕೆ ಜಾರುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಸರಿಯುತ್ತದೆ, ಉಬ್ಬಿನ ಮೇಲೆ ಎಗರುತ್ತದೆ. "ಇಷ್ಟೇ ಸರಕಿಗೆ ಕಟ್ಟುವುದೇಕೆ?" ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ನಿಜವಾಗಿ ನೋಡಿದರೆ ಸರಕು ಕಡಿಮೆಯಿದ್ದಾಗಲೇ ಹೆಚ್ಚು ಜಾಗ್ರತೆ ಬೇಕು.

ನಗರದೊಳಗೆ ಇನ್ನೊಂದು ತೊಡಕಿದೆ. ನಮ್ಮ ರೈತರು ಎಲ್ಲ ಮಾಲನ್ನೂ ಒಂದೇ ಕಡೆ ಇಳಿಸುವುದಿಲ್ಲ. ಸಾರಕ್ಕಿಯಲ್ಲಿ ಸ್ವಲ್ಪ, ಜಯನಗರ 4ನೇ ಬ್ಲಾಕಿನಲ್ಲಿ ಸ್ವಲ್ಪ, ಮಡಿವಾಳದಲ್ಲಿ ಉಳಿದದ್ದು, ಹೀಗೆ ಇಳಿಸುತ್ತಾ ಹೋಗುತ್ತಾರೆ. ಊರಿನಲ್ಲಿ ಚೆನ್ನಾಗಿ ಬಿಗಿದು ಕಟ್ಟಿದ ಹೊರೆಯೂ ಮೊದಲ ಅಂಗಡಿಯಲ್ಲಿ ಇಳಿಸಿದೊಡನೆ ಸಡಿಲ ಹೊರೆಯಾಗುತ್ತದೆ. ಸಿಗ್ನಲ್ಲು, ಉಬ್ಬು, ಅಡ್ಡ ಬರುವ ದ್ವಿಚಕ್ರ ವಾಹನಗಳು ಹೆಚ್ಚಾಗಿರುವುದು ಅಲ್ಲಿಂದ ಮುಂದೆಯೇ.

ಬಿದ್ದ ಸರಕಿನಿಂದ ರೈತನಿಗೆ ಆಗುವ ನಷ್ಟ ಒಂದು ಬಗೆಯದಾದರೆ, ಹಿಂದೆ ಬರುವವನಿಗೆ ಆಗುವ ಅನಾಹುತ ಬೇರೆಯೇ ಬಗೆಯದು. ಗಂಟೆಗೆ 40 ಕಿ.ಮೀ. ವೇಗದ ಪೆಟ್ಟು ಎಂದರೆ ಸುಮಾರು 20 ಅಡಿ ಎತ್ತರದಿಂದ ಬಿದ್ದಾಗಿನ ಪೆಟ್ಟು. 20 ಕಿ.ಗ್ರಾಂ. ತೂಕದ ಕ್ರೇಟು ರಸ್ತೆಗೆ ಬಿದ್ದು, ಅದಕ್ಕೆ ಸ್ಕೂಟರು ಡಿಕ್ಕಿ ಹೊಡೆದರೆ ಏನಾಗುವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೋದ ಮಾಲು ಮುಂದಿನ ಬೆಳೆಯಲ್ಲಿ ಬಂದೀತು, ಹೋದ ಪ್ರಾಣ ಬಾರದು.

ಸರಕು ಏಕೆ ಜಾರುತ್ತದೆ?

ವಾಹನ ನಿಂತರೂ ಸರಕು ಚಲಿಸುತ್ತಲೇ ಇರಲು ನೋಡುತ್ತದೆ. ಅದನ್ನು ತಡೆಯುವುದು ಸರಕಿಗೂ ಬಾಡಿಯ ತಳಕ್ಕೂ ಇರುವ ತಿಕ್ಕಾಟ, ಅಂದರೆ ಘರ್ಷಣೆ. ಇದು ಸಾಲದಿದ್ದಾಗ ಸರಕು ಜಾರುತ್ತದೆ.

ಯುರೋಪಿನ ದೇಶಗಳಲ್ಲಿ ಸರಕು ಭದ್ರಪಡಿಸಲು ಒಂದು ಸರಳ ಅಳತೆಯನ್ನು ಅನುಸರಿಸುತ್ತಾರೆ. ಸರಕಿನ ತೂಕದ ಶೇಕಡ 80ರಷ್ಟು ಬಲವನ್ನು ಮುಂದಕ್ಕೆ, ಶೇಕಡ 50ರಷ್ಟು ಬಲವನ್ನು ಹಿಂದಕ್ಕೆ ಹಾಗೂ ಎರಡೂ ಪಕ್ಕಗಳಿಗೆ ತಡೆಯುವಂತೆ ವ್ಯವಸ್ಥೆ ಇರಬೇಕು. ಈ ಅಳತೆ ನಮ್ಮ ರಸ್ತೆಗಳಿಗೂ ಹೊಂದುತ್ತದೆ.

ಒಂದು ಲೆಕ್ಕ ನೋಡೋಣ. 20 ಕಿ.ಗ್ರಾಂ. ತೂಕದ ಒಂದು ಪ್ಲಾಸ್ಟಿಕ್ ಕ್ರೇಟು ತಗಡಿನ ತಳದ ಮೇಲಿದೆ. ಜೋರಾಗಿ ಬ್ರೇಕು ಹಾಕಿದಾಗ ಅದನ್ನು ಮುಂದಕ್ಕೆ ತಳ್ಳುವ ಬಲ 16 ಕಿ.ಗ್ರಾಂ. ಪ್ಲಾಸ್ಟಿಕ್ಕಿಗೂ ತಗಡಿಗೂ ನಡುವೆ ಘರ್ಷಣೆ ಕಡಿಮೆ; ತೂಕದ ಕಾಲು ಭಾಗವೆಂದು ಹಿಡಿದರೆ 5 ಕಿ.ಗ್ರಾಂ. ಮಾತ್ರ ತಡೆಯಾಗುತ್ತದೆ. ಉಳಿದ 11 ಕಿ.ಗ್ರಾಂ. ಬಲವನ್ನು ಹಗ್ಗವೋ ಮುಂದಿನ ಹಲಗೆಯೋ ತಡೆಯಬೇಕು. ಹತ್ತು ಕ್ರೇಟಿಗೆ ಇದು 110 ಕಿ.ಗ್ರಾಂ. ಆಗುತ್ತದೆ.

ಅದೇ ಕ್ರೇಟಿನ ಕೆಳಗೆ ರಬ್ಬರು ಹಾಸಿದರೆ, ಒಣಗಿರುವಾಗ ಘರ್ಷಣೆಯು ತೂಕದ ಶೇಕಡ 60ರವರೆಗೆ ಏರುತ್ತದೆ. ಆಗ ರಬ್ಬರೊಂದೇ 12 ಕಿ.ಗ್ರಾಂ. ತಡೆಯುತ್ತದೆ; ಹಗ್ಗಕ್ಕೆ ಉಳಿಯುವುದು 4 ಕಿ.ಗ್ರಾಂ. ಮಾತ್ರ. ಪಕ್ಕಕ್ಕೆ ತಳ್ಳುವ ಬಲ 10 ಕಿ.ಗ್ರಾಂ. ಆದ್ದರಿಂದ ತಿರುವಿನಲ್ಲಿ ಕ್ರೇಟು ಸರಿಯುವುದೇ ಇಲ್ಲ. ಪಂಕ್ಚರು ಅಂಗಡಿಯಲ್ಲಿ ಎಸೆದಿರುವ ಹಳೆಯ ಟ್ಯೂಬು ಇಷ್ಟು ಕೆಲಸ ಮಾಡಬಲ್ಲದು.

ಆದರೆ ರಸ್ತೆಯ ಉಬ್ಬಿನ ವಿಷಯ ಬೇರೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ಅದನ್ನು ರೂಪಿಸಲಾಗಿದೆ. ಬಡಾವಣೆಗಳ ಒಳರಸ್ತೆಗಳಲ್ಲಿ ಇದಕ್ಕಿಂತ ಕಡಿದಾದ ಉಬ್ಬುಗಳೂ ಇವೆ. ಇಂತಹ ಉಬ್ಬಿನ ಮೇಲೆ ಸರಕು ಒಂದು ಕ್ಷಣ ತಳದಿಂದ ಮೇಲೇಳುತ್ತದೆ. ಆ ಕ್ಷಣದಲ್ಲಿ ಘರ್ಷಣೆ ಇರುವುದಿಲ್ಲ. ಆದ್ದರಿಂದ ರಬ್ಬರು ಹಾಸಿದ್ದರೂ ಸರಕನ್ನು ಕೆಳಕ್ಕೆ ಒತ್ತಿ ಹಿಡಿಯುವ ಹಗ್ಗ ಬೇಕು.

ಇವುಗಳಿಂದ ಭದ್ರತೆಯ ಮೂರು ಮೆಟ್ಟಿಲುಗಳು ಸಿಗುತ್ತವೆ:

1. ಖಾಲಿ ಜಾಗ ಮುಚ್ಚುವುದು.
2. ತಳ ಜಾರದಂತೆ ಮಾಡುವುದು.
3. ಹಗ್ಗದಿಂದ ಒತ್ತಿ ಹಿಡಿಯುವುದು.

ಬಹಳಷ್ಟು ಜನ ಮೂರನೆಯದರಿಂದಲೇ ಆರಂಭಿಸುತ್ತಾರೆ. ಮೊದಲ ಎರಡನ್ನು ಮಾಡದೆ ಹಗ್ಗವನ್ನೇ ನಂಬಿದರೆ, ಸರಕು ಒಂದು ಅಂಗುಲ ಸರಿದರೂ ಹಗ್ಗ ಸಡಿಲಾಗುತ್ತದೆ. ಸಡಿಲಾದ ಹಗ್ಗ ಇದ್ದೂ ಇಲ್ಲದಂತೆ.

ಬೇಕಾಗುವ ಸಾಮಗ್ರಿಗಳು

ಹಳೆಯ ಟ್ಯೂಬು: ಲಾರಿ ಅಥವಾ ಟ್ರ್ಯಾಕ್ಟರ್ ಟ್ಯೂಬನ್ನು ಸೀಳಿ ಒಂದು ಗೇಣು ಅಗಲದ ಪಟ್ಟಿಗಳನ್ನಾಗಿ ಕತ್ತರಿಸಿಕೊಳ್ಳಬೇಕು. ಇಡೀ ತಳಕ್ಕೆ ಹಾಸಬೇಕಾಗಿಲ್ಲ. ಪ್ರತಿ ಸಾಲು ಕ್ರೇಟಿನ ಕೆಳಗೆ ಎರಡು ಪಟ್ಟಿ ಬಂದರೆ ಸಾಕು. ಪಟ್ಟಿಯ ಮೇಲೆ ಮಣ್ಣು, ಎಣ್ಣೆ, ಸೊಪ್ಪಿನ ನೀರು ನಿಂತರೆ ಹಿಡಿತ ಹೋಗುತ್ತದೆ. ವಾರಕ್ಕೊಮ್ಮೆ ತೊಳೆದು ಒಣಗಿಸಬೇಕು.

ಹುಲ್ಲು ತುಂಬಿದ ಗೋಣಿ: ಗೋಣಿ ಚೀಲಕ್ಕೆ ಒಣ ಹುಲ್ಲು ತುಂಬಿ ಬಾಯಿ ಹೊಲಿದಿಟ್ಟುಕೊಂಡರೆ ಸಂದುಗಳನ್ನು ಮುಚ್ಚಲು ಅನುಕೂಲ. ಪೂರ್ತಿ ಬಿರುಸಾಗಿ ತುಂಬದೆ ಮುಕ್ಕಾಲು ಭಾಗ ತುಂಬಿದರೆ ಸಂದಿಗೆ ಹೊಂದಿಕೊಂಡು ಕೂರುತ್ತದೆ. ನಾಲ್ಕು ಚೀಲ ಇದ್ದರೆ ಸಾಕು.

ಮರದ ಚೌಕಟ್ಟು: ಬಾಡಿಯ ಒಳ ಅಗಲಕ್ಕೆ ಸರಿಯಾಗಿ ಎರಡು ಅಡ್ಡ ಗಳುಗಳನ್ನು ಕತ್ತರಿಸಿ, ಅವುಗಳ ನಡುವೆ ಎರಡು ಉದ್ದ ಗಳುಗಳನ್ನು ಬಿಗಿದು ಏಣಿಯಂತಹ ಚೌಕಟ್ಟು ಮಾಡಿಕೊಳ್ಳಬೇಕು. ಸರ್ವೆ ಮರದ ಗಳು, ಬಿದಿರು, ಹಳೆಯ ರೀಪರು, ಯಾವುದಾದರೂ ಆದೀತು. ಸರಕಿಗೂ ಹಿಂಬಾಗಿಲಿಗೂ ನಡುವೆ ಇದನ್ನು ಮಲಗಿಸಿದರೆ ಸರಕು ಹಿಂದಕ್ಕೆ ಬರುವುದಿಲ್ಲ. ಮೊಳೆಗಿಂತ ಬೋಲ್ಟು ಮೇಲು. ಉಬ್ಬುಗಳ ಕುಲುಕಾಟಕ್ಕೆ ಮೊಳೆ ಸಡಿಲಾಗುತ್ತದೆ.

ಹಗ್ಗ: 8ರಿಂದ 10 ಮಿ.ಮೀ. ದಪ್ಪದ, ತಲಾ 25 ಅಡಿ ಉದ್ದದ ಎರಡು ಹಗ್ಗ ಇರಬೇಕು. ತೆಂಗಿನ ನಾರಿನ ಹಗ್ಗದಲ್ಲಿ ಗಂಟು ಚೆನ್ನಾಗಿ ಕಚ್ಚುತ್ತದೆ, ಆದರೆ ನೆನೆದು ಒಣಗಿ ಬೇಗ ಶಿಥಿಲವಾಗುತ್ತದೆ. ನೈಲಾನ್ ಹಗ್ಗ ಗಟ್ಟಿ, ಆದರೆ ಹಿಗ್ಗುತ್ತದೆ. ಮಳೆಯಲ್ಲಿ ನೆನೆದರೆ ಇನ್ನಷ್ಟು ಹಿಗ್ಗುತ್ತದೆ. ಅಗ್ಗದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಬಣ್ಣಗೆಟ್ಟು ಪುಡಿ ಉದುರತೊಡಗಿದರೆ ಅದನ್ನು ಎಸೆಯಬೇಕು. ಯಾವ ಹಗ್ಗವೇ ಆಗಲಿ, ಗಂಟು ಬಿದ್ದ ಕಡೆ ಅದರ ಬಲ ಅರ್ಧದವರೆಗೂ ಕುಗ್ಗಬಹುದು. ತುಂಡಾದ ಹಗ್ಗಗಳನ್ನು ಗಂಟು ಹಾಕಿ ಜೋಡಿಸಿ ಉಪಯೋಗಿಸುವುದು ಒಳ್ಳೆಯದಲ್ಲ.

ರಾಚೆಟ್ ಬೆಲ್ಟ್: ಹಿಡಿಕೆ ಆಡಿಸಿ ಬಿಗಿಯುವ ಪಟ್ಟಿ ಬೆಲ್ಟು ಈಗ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಪಂಪ್‌ಸೆಟ್ಟು, ಡ್ರಮ್ಮಿನಂತಹ ಭಾರದ ವಸ್ತುಗಳಿಗೆ ಇದು ಹಗ್ಗಕ್ಕಿಂತ ಉತ್ತಮ. ಅದರ ಚೀಟಿಯಲ್ಲಿ ತಾಳುವ ಬಲವನ್ನು ಡೆಕಾನ್ಯೂಟನ್ ಲೆಕ್ಕದಲ್ಲಿ ಮುದ್ರಿಸಿರುತ್ತಾರೆ. ಒಂದು ಡೆಕಾನ್ಯೂಟನ್ ಎಂದರೆ ಸುಮಾರು ಒಂದು ಕಿ.ಗ್ರಾಂ. ಎಳೆತ. ಚೀಟಿಯೇ ಇಲ್ಲದ ಬೆಲ್ಟನ್ನು ಕೊಳ್ಳಬಾರದು. ತರಕಾರಿ ಕ್ರೇಟಿಗೆ ಇದನ್ನು ಅತಿಯಾಗಿ ಬಿಗಿದರೆ ಕ್ರೇಟಿನ ಅಂಚು ಒಡೆಯುತ್ತದೆ.

ಹಳೆಯ ಹನಿ ನೀರಾವರಿ ಕೊಳವೆ: 16 ಮಿ.ಮೀ. ಲ್ಯಾಟರಲ್ ಕೊಳವೆಯ ಒಂದು ಅಡಿ ತುಂಡುಗಳೊಳಗೆ ಹಗ್ಗವನ್ನು ತೂರಿಸಿ, ತುಂಡು ಕ್ರೇಟಿನ ಅಂಚಿನ ಮೇಲೆ ಬರುವಂತೆ ಸರಿಸಿಕೊಂಡರೆ ಹಗ್ಗ ತೇಯುವುದಿಲ್ಲ. ತೋಟದಲ್ಲಿ ಬಿದ್ದಿರುವ ಕೊಳವೆಗೆ ಇದೊಂದು ಒಳ್ಳೆಯ ಉಪಯೋಗ.

ಇವೆಲ್ಲವನ್ನೂ ಕೊಂಡರೂ ವಾಹನದ ಒಂದು ಟೈರಿನ ಬೆಲೆಯಾಗುವುದಿಲ್ಲ.

ಟ್ಯೂಬನ್ನು ಸೀಳಿ, ಕೊಕ್ಕೆ ಸಿಕ್ಕಿಸಿ ಹಗ್ಗದಂತೆ ಬಳಸುವ ರೂಢಿ ಹಲವು ಕಡೆ ಇದೆ. ಟಾರ್ಪಾಲಿನ ಅಂಚು ಹಾರದಂತೆ ಹಿಡಿಯಲು ಇದು ಸರಿ. ಭಾರದ ಸರಕಿಗೆ ಇದು ಸಲ್ಲದು. ರಬ್ಬರು ಹಿಗ್ಗುವುದರಿಂದ ಸರಕು ಅಲುಗುತ್ತಲೇ ಇರುತ್ತದೆ. ಕೊಕ್ಕೆ ಕಳಚಿದರೆ ಕಣ್ಣಿಗೆ ಬಡಿಯುವ ಅಪಾಯವೂ ಇದೆ.

ಹೇರುವ ಕ್ರಮ

ಎತ್ತಿನ ಗಾಡಿ ಹೂಡಿದವರಿಗೆ ಹೊರೆಯ ಸಮತೋಲನ ಗೊತ್ತು. ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂಭಾರವಾದರೆ ನೊಗ ಮೇಲೇಳುತ್ತದೆ. ಪಿಕಪ್ಪಿಗೂ ಇದೇ ನ್ಯಾಯ. ಭಾರವೆಲ್ಲ ಹಿಂಬಾಗಿಲ ಬಳಿ ಸೇರಿದರೆ ಮುಂದಿನ ಚಕ್ರಗಳು ಹಗುರವಾಗಿ ಸ್ಟಿಯರಿಂಗಿನ ಹಿಡಿತ ಕಡಿಮೆಯಾಗುತ್ತದೆ. ಭಾರದ ಸರಕನ್ನು ತಳದಲ್ಲಿ, ಮುಂದಿನ ಹಲಗೆಗೆ ಒತ್ತಿ, ಎರಡೂ ಪಕ್ಕಕ್ಕೆ ಸಮನಾಗಿ ಇಡಬೇಕು. ಹಗುರವಾದದ್ದು ಮೇಲೆ ಬರಬೇಕು.

ಮುಂದಿನ ಹಲಗೆಗೆ ಒತ್ತಿ ಇಡುವುದು ಬಹಳ ಮುಖ್ಯ. ಮುಂದಕ್ಕೆ ತಳ್ಳುವ ಬಲವೇ ಎಲ್ಲಕ್ಕಿಂತ ಹೆಚ್ಚಿನದು. ಆ ಬಲವನ್ನು ಹಲಗೆ ತಡೆದರೆ ಹಗ್ಗದ ಕೆಲಸ ಮುಕ್ಕಾಲು ಮುಗಿದಂತೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಬಾಡಿಯ ಒಳ ಅಳತೆ 220 ಸೆಂ.ಮೀ. ಉದ್ದ, 149 ಸೆಂ.ಮೀ. ಅಗಲ, ಪಕ್ಕದ ಹಲಗೆ 30 ಸೆಂ.ಮೀ. ಎತ್ತರ, ಹೊರುವ ಭಾರ 750 ಕಿ.ಗ್ರಾಂ. ಕ್ರೇಟು 54 ಸೆಂ.ಮೀ. ಉದ್ದ, 36 ಸೆಂ.ಮೀ. ಅಗಲ, 29 ಸೆಂ.ಮೀ. ಎತ್ತರ, ಮಾಲು ಸೇರಿ ತೂಕ 20 ಕಿ.ಗ್ರಾಂ. ಎನ್ನೋಣ.

ಎಡಗಡೆಯಿಂದ ಎರಡು ಸಾಲುಗಳಲ್ಲಿ ಕ್ರೇಟಿನ ಉದ್ದವು ಬಾಡಿಗೆ ಅಡ್ಡವಾಗಿ ಬರುವಂತೆ, ಸಾಲಿಗೆ 6ರಂತೆ 12 ಕ್ರೇಟು ಇಡಬೇಕು. ಉಳಿದ ಜಾಗದಲ್ಲಿ ಕ್ರೇಟನ್ನು ತಿರುಗಿಸಿ, ಉದ್ದವು ಬಾಡಿಯ ಉದ್ದಕ್ಕೆ ಬರುವಂತೆ 4 ಕ್ರೇಟು ಇಡಬೇಕು. ಒಟ್ಟು 16 ಕ್ರೇಟುಗಳಿಂದ 216 ಸೆಂ.ಮೀ. ಉದ್ದ, 144 ಸೆಂ.ಮೀ. ಅಗಲ ತುಂಬುತ್ತದೆ. ಉಳಿಯುವ ನಾಲ್ಕೈದು ಸೆಂ.ಮೀ. ಸಂದಿಗೆ ಮಡಿಸಿದ ಗೋಣಿ ತಾಟು ಸಾಕು. ಎಲ್ಲ ಕ್ರೇಟನ್ನೂ ಉದ್ದವು ಬಾಡಿಗೆ ಅಡ್ಡವಾಗಿ ಬರುವಂತೆಯೇ ಜೋಡಿಸಿದ್ದರೆ 12 ಮಾತ್ರ ಹಿಡಿಸಿ, ಪಕ್ಕದಲ್ಲಿ ಒಂದು ಮೊಳದಷ್ಟು ಜಾಗ ಖಾಲಿ ಉಳಿದು ಸರಕು ಆಡತೊಡಗುತ್ತಿತ್ತು.

ಎರಡು ಅಟ್ಟ ಹಾಕಿದರೆ 32 ಕ್ರೇಟು, ತೂಕ 640 ಕಿ.ಗ್ರಾಂ. ಮೂರನೆಯ ಅಟ್ಟವನ್ನೂ ತುಂಬಿದರೆ 960 ಕಿ.ಗ್ರಾಂ. ಆಗಿ ಮಿತಿ ಮೀರುತ್ತದೆ. ಮೊದಲ ಅಟ್ಟವನ್ನು ಪಕ್ಕದ ಹಲಗೆಯೇ ಕಾಯುತ್ತದೆ. ಎರಡನೆಯ ಅಟ್ಟ ಪೂರ್ತಿಯಾಗಿ ಹಲಗೆಯ ಮೇಲಕ್ಕೆ ಬರುವುದರಿಂದ ಅದಕ್ಕೆ ಹಗ್ಗ ಕಡ್ಡಾಯ. ಕ್ರೇಟನ್ನು ಅಂಚಿಗಿಂತ ಎರಡು ಬೆರಳು ಕೆಳಗೆ ನಿಲ್ಲುವಂತೆ ತುಂಬಬೇಕು. ಆಗ ಮೇಲಿನ ಕ್ರೇಟು ಕೆಳಗಿನ ಕ್ರೇಟಿನ ಅಂಚಿನ ಮೇಲೆ ಕೂರುತ್ತದೆ, ಹಣ್ಣಿನ ಮೇಲಲ್ಲ.

ತಮ್ಮ ತಮ್ಮ ವಾಹನ ಹಾಗೂ ಕ್ರೇಟುಗಳ ಅಳತೆ ಹಿಡಿದು ರೈತರು ಇದೇ ರೀತಿ ಒಮ್ಮೆ ಲೆಕ್ಕ ಹಾಕಿಟ್ಟುಕೊಂಡರೆ ಪ್ರತಿ ಸಲವೂ ಅನುಕೂಲ.

ಇಳಿಸುವ ಕ್ರಮ

ಮೇಲಿನ 32 ಕ್ರೇಟುಗಳಲ್ಲಿ 12 ಸಾರಕ್ಕಿಗೆ, 12 ಜಯನಗರಕ್ಕೆ, 8 ಮಡಿವಾಳಕ್ಕೆ ಎಂದಿಟ್ಟುಕೊಳ್ಳೋಣ. ಹಿಂದಿನಿಂದ ಸಿಕ್ಕಸಿಕ್ಕ ಕ್ರೇಟನ್ನು ಇಳಿಸಿದರೆ ಮುಂದೆ ಎರಡಂತಸ್ತಿನ ಗೋಪುರವೂ ಹಿಂದೆ ಖಾಲಿ ಬಯಲೂ ಉಳಿಯುತ್ತದೆ. ಅದರ ಬದಲು ಹೀಗೆ ಮಾಡಬೇಕು:

1. ಸಾರಕ್ಕಿಯಲ್ಲಿ ಮೇಲಿನ ಅಟ್ಟದಿಂದಲೇ 12 ಕ್ರೇಟು ಇಳಿಸಬೇಕು. ತಳದ 16 ಕ್ರೇಟು ಗೋಡೆಯಿಂದ ಗೋಡೆಗೆ ತುಂಬಿಯೇ ಇರುತ್ತದೆ. ಮೇಲೆ ಉಳಿದ 4 ಕ್ರೇಟನ್ನು ಮುಂದಿನ ಹಲಗೆಯ ಕಡೆಗೆ ಸರಿಸಿ, ಎರಡೂ ಹಗ್ಗವನ್ನು ಅವುಗಳ ಮೇಲೆ ಬಿಗಿಯಬೇಕು.

2. ಜಯನಗರದಲ್ಲಿ ಮೇಲಿನ ಆ 4 ಹಾಗೂ ತಳದ ಹಿಂದಿನ ಅರ್ಧದ 8 ಕ್ರೇಟು ಇಳಿಸಬೇಕು. ಮುಂದಿನ ಅರ್ಧದಲ್ಲಿ ಅಡ್ಡ ಸಾಲಿನ 6, ಉದ್ದ ಸಾಲಿನ 2, ಹೀಗೆ 8 ಕ್ರೇಟು ಸರಿಯಾಗಿ 108 ಸೆಂ.ಮೀ. ಉದ್ದಕ್ಕೆ, ಬಾಡಿಯ ಪೂರ್ತಿ ಅಗಲಕ್ಕೆ ಉಳಿಯುತ್ತವೆ.

3. ಹಿಂದಿನ ಖಾಲಿ ಜಾಗಕ್ಕೆ ಮರದ ಚೌಕಟ್ಟನ್ನು ಮಲಗಿಸಿ ಹಿಂಬಾಗಿಲು ಹಾಕಬೇಕು. ಚೌಕಟ್ಟಿನ ಉದ್ದ 110 ಸೆಂ.ಮೀ. ಇದ್ದರೆ ಸರಿಹೊಂದುತ್ತದೆ. ಸಂದು ಉಳಿದರೆ ಹುಲ್ಲಿನ ಗೋಣಿ ತುರುಕಬೇಕು. ಅಲ್ಲಿಯವರೆಗೆ ಚೌಕಟ್ಟನ್ನು ಮೇಲಿನ ಅಟ್ಟದ ಮೇಲೆ ಮಲಗಿಸಿ ಹಗ್ಗದ ಕೆಳಗೆ ಇಟ್ಟುಕೊಂಡರಾಯಿತು.

ಬೇರೆ ಬೇರೆ ತರಕಾರಿ ಇದ್ದು ಹೀಗೆ ಇಳಿಸಲಾಗದಿದ್ದರೆ, ಮೊದಲು ಇಳಿಸುವುದನ್ನು ಕೊನೆಯಲ್ಲಿ ಹೇರಬೇಕು. ಪ್ರತಿ ಅಂಗಡಿಯಲ್ಲೂ ಉಳಿದ ಸರಕನ್ನು ಮುಂದಕ್ಕೆ ಒತ್ತಿ ಮತ್ತೆ ಕಟ್ಟಬೇಕು. ಇದಕ್ಕೆ ಹಿಡಿಯುವುದು ಐದು ನಿಮಿಷ.

ಬಿಗಿಯುವ ಗಂಟು

ಲಾರಿಯವರು ಹಾಕುವ ಬಿಗಿ ಗಂಟನ್ನು ಪ್ರತಿಯೊಬ್ಬ ರೈತನೂ ಕಲಿಯಬೇಕು. ಇದರಲ್ಲಿ ಹಗ್ಗವೇ ರಾಟೆಯಂತೆ ಕೆಲಸ ಮಾಡುವುದರಿಂದ ಒಬ್ಬನೇ ಚೆನ್ನಾಗಿ ಬಿಗಿಯಬಹುದು.

1. ಹಗ್ಗದ ಒಂದು ತುದಿಯನ್ನು ಬಾಡಿಯ ಎಡಬದಿಯ ಕೊಕ್ಕೆಗೆ ಭದ್ರವಾಗಿ ಕಟ್ಟಿ, ಸರಕಿನ ಮೇಲಿಂದ ಬಲಬದಿಗೆ ತರಬೇಕು.

2. ಬಲಬದಿಯ ಕೊಕ್ಕೆಯಿಂದ ಸುಮಾರು ಒಂದೂವರೆ ಅಡಿ ಮೇಲೆ ಹಗ್ಗವನ್ನು ಒಮ್ಮೆ ತಿರುಚಿ ಸಣ್ಣ ಸುರುಳಿ ಮಾಡಬೇಕು. ಸುರುಳಿಯ ಕೆಳಗೆ ಇಳಿಬಿದ್ದಿರುವ ಹಗ್ಗವನ್ನು ಮಡಿಸಿ, ಆ ಮಡಿಕೆಯನ್ನು ಸುರುಳಿಯೊಳಗೆ ತೂರಿಸಿ ಎಳೆದರೆ ಒಂದು ಕುಣಿಕೆ ನಿಲ್ಲುತ್ತದೆ.

3. ಹಗ್ಗದ ತುದಿಯನ್ನು ಬಲಬದಿಯ ಕೊಕ್ಕೆಗೆ ಸುತ್ತಿಸಿ ಮೇಲೆ ತಂದು, ಕುಣಿಕೆಯೊಳಗೆ ತೂರಿಸಿ, ಕೆಳಕ್ಕೆ ಜಗ್ಗಬೇಕು.

4. ಬಿಗಿಯಾದ ಮೇಲೆ ಕುಣಿಕೆಯ ಬಳಿ ಹಗ್ಗವನ್ನು ಬೆರಳಿನಿಂದ ಒತ್ತಿ ಹಿಡಿದು, ತುದಿಯಿಂದ ಎರಡು ಅರೆಗಂಟು ಹಾಕಬೇಕು. ಬಿಚ್ಚುವಾಗ ಅರೆಗಂಟು ತೆಗೆದು ತುದಿ ಎಳೆದರೆ ಕುಣಿಕೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹಗ್ಗ ನೆಟ್ಟಗೆ ಕೆಳಗಿಳಿದಷ್ಟೂ ಸರಕನ್ನು ಚೆನ್ನಾಗಿ ಒತ್ತುತ್ತದೆ. ತಳಕ್ಕೆ 30 ಡಿಗ್ರಿಯಷ್ಟು ಓರೆಯಾಗಿದ್ದರೆ ಒತ್ತುವ ಬಲ ಅರ್ಧಕ್ಕೆ ಇಳಿಯುತ್ತದೆ. ಸರಕು ಪಕ್ಕದ ಹಲಗೆಗಿಂತ ತಗ್ಗಾಗಿದ್ದರೆ ಮೇಲೆ ಹಾಕಿದ ಹಗ್ಗ ಸರಕನ್ನು ಮುಟ್ಟುವುದೇ ಇಲ್ಲ. ಆಗ ಸರಕಿನ ಮೇಲೆ ಹುಲ್ಲಿನ ಗೋಣಿ ಇಟ್ಟು ಎತ್ತರಿಸಿ ಹಗ್ಗ ಹಾಕಬೇಕು.

ಹಗ್ಗವನ್ನು ವಾಹನದ ಕೊಕ್ಕೆಗೇ ಕಟ್ಟಬೇಕು. ಹಿಂಬಾಗಿಲ ಚಿಲಕ, ದೀಪದ ತಗಡು, ನಂಬರು ಫಲಕಗಳಿಗೆ ಕಟ್ಟಬಾರದು. ಹೊಸ ಕೊಕ್ಕೆ ಹಾಕಿಸುವುದಾದರೆ ಬಾಡಿಯ ಅಡ್ಡ ತೊಲೆಗೆ ಬೋಲ್ಟು ಮಾಡಿಸಬೇಕು. ಬರಿಯ ತಗಡಿಗೆ ಹಾಕಿದ್ದು ಕಿತ್ತು ಬರುತ್ತದೆ. ತೂತು ಕೊರೆಯುವ ಮುನ್ನ ಕೆಳಗೆ ಬ್ರೇಕಿನ ಕೊಳವೆ, ವೈರು, ಇಂಧನದ ಟ್ಯಾಂಕು ಇಲ್ಲವೆಂದು ನೋಡಿಕೊಳ್ಳಬೇಕು.

ಕೆಲವು ಸರಕುಗಳಿಗೆ ವಿಶೇಷ ಸೂಚನೆಗಳು

ಸೊಪ್ಪಿನ ಕಟ್ಟುಗಳು: ನೀರು ಚಿಮುಕಿಸಿದ ಸೊಪ್ಪಿನಿಂದ ತಳ ಒದ್ದೆಯಾಗಿ ಪಕ್ಕದ ಕ್ರೇಟುಗಳೂ ಜಾರುತ್ತವೆ. ಸೊಪ್ಪನ್ನು ಹಿಂಭಾಗದಲ್ಲಿ ಅಥವಾ ಬೇರೆ ಗೋಣಿಯ ಮೇಲೆ ಇಡಬೇಕು. ಮೇಲೆ ನೆರಳು ಪರದೆ ಹೊದಿಸಿ ಅಂಚು ಕಟ್ಟಿದರೆ ಗಾಳಿಗೆ ಹಾರದು.

ಹೂವಿನ ಚೀಲ: ಹಗುರವಾದ್ದರಿಂದ ಎಲ್ಲಕ್ಕಿಂತ ಮೇಲಿರಬೇಕು. ಹಗ್ಗ ಬಿಗಿದರೆ ಹೂವು ನಲುಗುತ್ತದೆ. ಬಲೆ ಅಥವಾ ಟಾರ್ಪಾಲು ಹೊದಿಸುವುದು ಸೂಕ್ತ.

ತೆಂಗಿನಕಾಯಿ, ಎಳನೀರು, ಎಲೆಕೋಸು: ಉರುಳುವ ವಸ್ತುಗಳನ್ನು ಬಿಡಿಯಾಗಿ ಹಾಕಬಾರದು. ಚೀಲದಲ್ಲಿ ತುಂಬಬೇಕು, ಇಲ್ಲವೇ ಚೌಕಟ್ಟಿನಿಂದ ಅಡ್ಡಗಟ್ಟಿ ಪಕ್ಕದ ಹಲಗೆಗಿಂತ ತಗ್ಗಿರುವಂತೆ ನೋಡಿಕೊಳ್ಳಬೇಕು.

ಬಾಳೆಗೊನೆ: ಒಣಗಿದ ಬಾಳೆಎಲೆ ಅಥವಾ ಹುಲ್ಲು ಹಾಸಿ, ಗೊನೆಗಳನ್ನು ಒತ್ತಾಗಿ ಜೋಡಿಸಬೇಕು. ಹಗ್ಗ ನೇರವಾಗಿ ಕಾಯಿಗೆ ತಾಗಬಾರದು.

ಹಾಲಿನ ಕ್ಯಾನು, ಡ್ರಮ್ಮು: ಒಂದು ಹಳೆಯ ಟೈರನ್ನು ಮಲಗಿಸಿ ಅದರ ನಡುವೆ ಕ್ಯಾನು ನಿಲ್ಲಿಸಿದರೆ ಉರುಳುವುದಿಲ್ಲ, ಜಾರುವುದೂ ಇಲ್ಲ. ಜೊತೆಗೆ ಒಂದು ಬೆಲ್ಟು ಬಿಗಿಯಬೇಕು.

ಹಿಂದಿರುಗುವಾಗ

ಮಾಲು ಮಾರಿ ಮರಳುವಾಗ ಖಾಲಿ ಕ್ರೇಟುಗಳನ್ನು ಎತ್ತರಕ್ಕೆ ಪೇರಿಸಿ ಹಾಗೆಯೇ ಹೊರಡುವುದು ತಪ್ಪು. ಖಾಲಿ ಕ್ರೇಟು ಹಗುರ; ಗಾಳಿಗೂ ಉಬ್ಬಿಗೂ ಸುಲಭವಾಗಿ ಹಾರುತ್ತದೆ. ಪ್ರತಿ ಪೇರಿಕೆಯನ್ನೂ ಮೊದಲು ಹಗ್ಗದಿಂದ ಒಂದು ಕಟ್ಟಾಗಿ ಮಾಡಿ, ಮುಂದಿನ ಹಲಗೆಗೆ ಒತ್ತಿ ನಿಲ್ಲಿಸಿ, ಮತ್ತೊಂದು ಹಗ್ಗದಿಂದ ವಾಹನಕ್ಕೆ ಬಿಗಿಯಬೇಕು.

ಗೊಬ್ಬರದ ಮೂಟೆ, ಬಿತ್ತನೆ ಬೀಜ ತರುವಾಗ ಮೂಟೆಗಳನ್ನು ನಿಲ್ಲಿಸದೆ ಮಲಗಿಸಬೇಕು. ಅಡುಗೆ ಅನಿಲದ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಮೂಲೆಗೆ ಕಟ್ಟಬೇಕು. ಕೀಟನಾಶಕಗಳನ್ನು ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಪ್ರತ್ಯೇಕವಾಗಿ ಇಡಬೇಕು. ತರಕಾರಿ ಕ್ರೇಟಿನೊಳಗೆ ಹಾಕಿ ತರಲೇಬಾರದು.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ, 1988ರ 194ನೇ ಕಲಮಿಗೆ 2019ರಲ್ಲಿ ತಿದ್ದುಪಡಿಯಾಗಿದೆ. ಅದರಂತೆ ಮಿತಿ ಮೀರಿದ ಭಾರ ಹೇರಿದರೆ 20,000 ರೂ. ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ. ದಂಡವಿದೆ. ಸರಕು ಬಾಡಿಯ ಪಕ್ಕ, ಮುಂದೆ, ಹಿಂದೆ ಅಥವಾ ಎತ್ತರದಲ್ಲಿ ಮಿತಿ ಮೀರಿ ಚಾಚಿದ್ದರೂ 20,000 ರೂ. ದಂಡವನ್ನು ಕಾಯ್ದೆ ವಿಧಿಸುತ್ತದೆ. ಸರಕು ಇಳಿಸುವ ಖರ್ಚೂ ವಾಹನದವರದೇ. ಹೊರೆ ಅಲುಗದಿರಲೆಂದು ಅದರ ಮೇಲೆ ಆಳನ್ನು ಕೂರಿಸುವ ಪದ್ಧತಿಯನ್ನು ಪೂರ್ತಿಯಾಗಿ ಬಿಡಬೇಕು. ಹಗ್ಗದ ಕೆಲಸವನ್ನು ಮನುಷ್ಯನಿಂದ ಮಾಡಿಸಬಾರದು.

ನೆನಪಿನಲ್ಲಿಡಬೇಕಾದ ಅಂಶಗಳು

1. ಮೊದಲು ಸಂದು ಮುಚ್ಚಿ, ಆಮೇಲೆ ರಬ್ಬರಿನ ಹಿಡಿತ, ಕೊನೆಗೆ ಹಗ್ಗ.
2. ಭಾರದ ಸರಕು ತಳದಲ್ಲಿ, ಮುಂದಿನ ಹಲಗೆಗೆ ಒತ್ತಿ ಇರಲಿ.
3. ಹಲಗೆಗಿಂತ ಮೇಲೆ ಬರುವ ಪ್ರತಿಯೊಂದು ಸರಕಿಗೂ ಹಗ್ಗ ಬೀಳಲಿ.
4. ಹೊರಟ ಮೇಲೆ 10–15 ಕಿ.ಮೀ. ದೂರದಲ್ಲಿ ಒಮ್ಮೆ ನಿಲ್ಲಿಸಿ ಹಗ್ಗ ಬಿಗಿಯಿರಿ. ಅಷ್ಟರಲ್ಲಿ ಸರಕು ಕುಳಿತು ಹಗ್ಗ ಸಡಿಲಾಗಿರುತ್ತದೆ.
5. ನಗರ ಪ್ರವೇಶಿಸುವ ಮುನ್ನ, ಕನಕಪುರ ರಸ್ತೆಯವರು ತಲಘಟ್ಟಪುರದಲ್ಲಿ ಎನ್ನೋಣ, ಇನ್ನೊಮ್ಮೆ ನೋಡಿ.
6. ಪ್ರತಿ ಕಡೆ ಇಳಿಸಿದ ಮೇಲೂ ಉಳಿದದ್ದನ್ನು ಹೊಸ ಹೊರೆಯೆಂದೇ ತಿಳಿದು ಮತ್ತೆ ಕಟ್ಟಿ.
7. ಹಗ್ಗ, ಬೆಲ್ಟುಗಳನ್ನು ನೆರಳಿನಲ್ಲಿ ತೂಗುಹಾಕಿ. ಸವೆದದ್ದನ್ನು ಕೂಡಲೇ ಬದಲಿಸಿ.

ಹೊರಡುವ ಮುನ್ನ ಸರಕನ್ನು ಎರಡೂ ಕೈಗಳಿಂದ ಹಿಡಿದು ಬಲವಾಗಿ ಅಲುಗಿಸಿ ನೋಡಬೇಕು. ಸರಕು ಅಲುಗಿದರೆ ಕಟ್ಟು ಇನ್ನೂ ಆಗಿಲ್ಲ. ಸರಕು ಅಲುಗದೆ ಇಡೀ ವಾಹನವೇ ತೂಗಿದರೆ ಕಟ್ಟು ಸರಿಯಾಗಿದೆ ಎಂದು ತಿಳಿದು ಹೊರಡಬಹುದು.